ಕೊರುಗೇಟೆಡ್ ಪ್ಲಾಸ್ಟಿಕ್ ನಕ್ಷತ್ರಕ್ಕೆ ರಂಧ್ರ ಕೊರೆಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಬ್ಬದ ದಿನಗಳಲ್ಲಿ ಮನೆಯ ಮುಂದೆ ತೂಗುಹಾಕಲು 4 ಮಿ.ಮೀ. ದಪ್ಪದ ಕೊರುಗೇಟೆಡ್ ಪ್ಲಾಸ್ಟಿಕ್ (ಒಳಗೆ ಟೊಳ್ಳು ಕೊಳವೆಸಾಲುಗಳಿರುವ ಹಗುರ ಪ್ಲಾಸ್ಟಿಕ್) ಶೀಟಿನಲ್ಲಿ ದೊಡ್ಡ ನಕ್ಷತ್ರವೊಂದನ್ನು ಕತ್ತರಿಸಿ, ಅದರ ಅಂಚಿನುದ್ದಕ್ಕೂ 12 ಮಿ.ಮೀ. ಪಿಕ್ಸೆಲ್ ಎಲ್‌ಇಡಿ ಬಲ್ಬುಗಳನ್ನು (ಒಂದೊಂದರ ಬಣ್ಣವನ್ನೂ ಬೇರೆಬೇರೆಯಾಗಿ ನಿಯಂತ್ರಿಸಬಹುದಾದ ಪುಟ್ಟ ದೀಪಗಳು) ಕೂರಿಸಲು ಹೊರಟಿದ್ದೇನೆ. ಕಟರ್‌ನಿಂದ ಆಕಾರ ಕತ್ತರಿಸುವುದು ಸುಲಭವಾಯಿತು, ತೊಡಕಿರುವುದು ರಂಧ್ರಗಳಲ್ಲಿ. ಸಾಮಾನ್ಯ ಡ್ರಿಲ್ ಬಿಟ್ ಶೀಟನ್ನು ಹರಿದು, ರಂಧ್ರದ ಸುತ್ತ ಪ್ಲಾಸ್ಟಿಕ್ ಎಳೆಎಳೆಯಾಗಿ ನೇತಾಡುವಂತೆ ಮಾಡುತ್ತದೆ; ಹೀಗಾದ ಕಡೆ ಬಲ್ಬು ಬಿಗಿಯಾಗಿ ನಿಲ್ಲದೆ, ಬೆರಳು ತಾಗಿದರೂ ಹಿಂದಕ್ಕೆ ಜಾರುತ್ತದೆ. ಸ್ಟೆಪ್ ಬಿಟ್ (ಮೆಟ್ಟಿಲುಮೆಟ್ಟಿಲಾಗಿ ಅಗಲವಾಗುವ ಶಂಕುವಿನಾಕಾರದ ಡ್ರಿಲ್ ಬಿಟ್) ಬಳಸಿದವರು, ಅಥವಾ ಹಿಂದೆ ಮರದ ಹಲಗೆ ಒತ್ತಿಟ್ಟು ಕೊರೆದವರು ದಯವಿಟ್ಟು ಅನುಭವ ತಿಳಿಸಿ. ಮಳೆನೀರು ಇಳಿದುಹೋಗಲೆಂದು ಶೀಟಿನ ಕೊಳವೆಸಾಲುಗಳನ್ನು ಲಂಬವಾಗಿಯೇ ಇಟ್ಟಿದ್ದೇನೆ. ಗಾಳಿಗೆ ಬಾಗದಂತೆ ಹಿಂಬದಿಗೆ ಯಾವ ಚೌಕಟ್ಟು ಸೂಕ್ತ? ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದಲ್ಲಿ ಕತ್ತರಿಸಿದ, ಬಿಸಿಲು ತಾಳುವ ಸಿದ್ಧ ನಕ್ಷತ್ರವನ್ನು ಕೊಳ್ಳುವುದೇ ಲೇಸು ಎನ್ನುವವರು ಕಾರಣವನ್ನೂ ಬರೆದರೆ ಉಪಕಾರವಾಗುತ್ತದೆ.