ಚಿಂಚೋಳಿ ದಾರಿಯ ಹುಡುಗನ ಊಟದ ಡಬ್ಬಿ ನನ್ನ ಹತ್ತಿರ ಉಳಿದಿದೆ, ಏನು ಮಾಡಲಿ?

ವೈಂಡಿಂಗ್ ಅಂಗಡಿ, ಕಲಬುರಗಿ

ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಕಲಬುರಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆ ಮುಗಿದ ಮೇಲೆ, ಹಳೇ ಸ್ಪ್ಲೆಂಡರ್ ಹಿಂದೆ ಟೆಂಟ್ ಕಟ್ಟಿಕೊಂಡು ಒಬ್ಬನೇ ಎರಡು ರಾತ್ರಿ ಹೊರಗಿದ್ದು ಬರುತ್ತೇನೆ. ಹೆಂಡತಿ ಇದನ್ನು 'ಎರಡು ದಿನದ ಸನ್ಯಾಸ' ಅನ್ನುತ್ತಾಳೆ.

ಈ ಸಲ ಹೊರಟಿದ್ದು ಚಂದ್ರಂಪಳ್ಳಿ ಡ್ಯಾಂ ಕಡೆ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ, ಗೊತ್ತು. ಕಾಡಿನ ಗಡಿಯಿಂದ ಹೊರಗೆ ಗೆಳೆಯನ ಹೊಲ ಇದೆ, ಅಲ್ಲೇ ಇರೋಣ ಅಂತ. ಮಹಾಗಾಂವ್ ಕ್ರಾಸ್ ಮೇಲೆ ನೇರ ಹೋಗಿದ್ದರೆ ಬೆಳಕಿದ್ದಾಗಲೇ ಮುಟ್ಟುತ್ತಿದ್ದೆ. ಮಳಖೇಡದ ಕೋಟೆ ನೋಡಿಕೊಂಡು ಹೋಗುವ ಆಸೆಗೆ ಸೇಡಂ ದಾರಿ ಹಿಡಿದೆ. ರಾಷ್ಟ್ರಕೂಟರ ರಾಜಧಾನಿ, ಕೆಳಗೆ ಕಾಗಿಣಾ ನದಿ. ಗೋಡೆ ಮೇಲೆ ಕೂತವನಿಗೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಸೇಡಂ ದಾಟುವಷ್ಟರಲ್ಲಿ ಕತ್ತಲು.

ಆರೂವರೆ ಹೊತ್ತಿಗೆ ಒಬ್ಬ ಹುಡುಗ ನನ್ನನ್ನು ಓವರ್‌ಟೇಕ್ ಮಾಡಿಕೊಂಡು ಹೋದ. ಹುಚ್ಚು ವೇಗ ಏನಲ್ಲ. ನಾನು ನಲವತ್ತೈದರಲ್ಲಿದ್ದೆ, ಅವನು ಅರವತ್ತರ ಆಸುಪಾಸು ಇರಬಹುದು. ಎದುರಿಗೆ ಒಂದು ಲಾರಿ ಹೈ ಬೀಮ್ ಹಾಕಿಕೊಂಡು ಬಂತು. ನನಗೇ ಎರಡು ಕ್ಷಣ ಏನೂ ಕಾಣಲಿಲ್ಲ. ಲಾರಿ ದಾಟಿದ ಮೇಲೆ ನೋಡಿದರೆ ಮುಂದೆ ಅವನ ಕೆಂಪು ಲೈಟ್ ಇಲ್ಲ.

ತೊಗರಿ ಹೊಟ್ಟು ತುಂಬಿದ ಟ್ರ್ಯಾಕ್ಟರ್ ಪಂಕ್ಚರ್ ಆಗಿ ಡಾಂಬರಿನ ಮೇಲೇ ನಿಂತಿತ್ತು. ನಮ್ಮ ಕಡೆಯವರಿಗೆ ಗೊತ್ತಲ್ವಾ, ಹೊಟ್ಟಿನ ಲೋಡು ಟ್ರಾಲಿಗಿಂತ ಎರಡು ಕಡೆಯೂ ಮೊಳ ಮೊಳ ಹೊರಗೆ ಚಾಚಿರುತ್ತೆ. ಚಾಲಕ ಪಂಕ್ಚರ್‌ನವನನ್ನು ಕರೆಯಲು ಹೋಗಿದ್ದ. ಹಿಂದೆ ಗುರುತಿಗೆ ಅಂತ ಒಂದು ಬೇವಿನ ಟೊಂಗೆ ಇಟ್ಟಿದ್ದ. ಬೇವಿನ ಟೊಂಗೆ, ಕತ್ತಲಲ್ಲಿ.

ನನ್ನ ಬೈಕಿನ ಹೆಡ್‌ಲೈಟ್, ಟ್ರಾಲಿಗೆ ಗುದ್ದಿ ಬಿದ್ದಿದ್ದ ಹುಡುಗನ ಮೇಲೆ ಬೀಳುವ ಹಾಗೆ ನಿಲ್ಲಿಸಿದೆ. ಹಳೇ ಗಾಡಿ, ಎಂಜಿನ್ ಆಫ್ ಮಾಡಿದರೆ ಲೈಟೂ ಹೋಗುತ್ತೆ. ಹಾಗಾಗಿ ಅಷ್ಟೂ ಹೊತ್ತು ಅದು ಡುಗ್ ಡುಗ್ ಅನ್ನುತ್ತಲೇ ಇತ್ತು. ಹೆಲ್ಮೆಟ್ ಹಾಕಿದ್ದ, ಪಟ್ಟಿ ಬಿಗಿದಿರಲಿಲ್ಲ. ಅದು ಉರುಳಿ ಮೋರಿ ಹತ್ತಿರ ಬಿದ್ದಿತ್ತು. 108ಕ್ಕೆ ಫೋನ್ ಮಾಡಿದೆ. ಫೋನಿನಲ್ಲಿ ಹೇಳಿದ ಹಾಗೆ ಅವನ ತಲೆ, ಕುತ್ತಿಗೆ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಕೂತೆ. ಯಾರೋ ನೀರು ಕುಡಿಸಲು ಬಂದರು, ಬೇಡ ಅಂದೆ. ರಕ್ತ ಅಷ್ಟೇನೂ ಇರಲಿಲ್ಲ. ಹುಡುಗ ಕಣ್ಣು ಬಿಟ್ಟ.

'ಟೈಮ್ ಎಷ್ಟಾಗ್ಯಾದ್ರಿ ಕಾಕಾ?'

'ಆರೂ ನಲವತ್ತು' ಅಂದೆ.

'ಗೇಟ್ ಬಂದ್ ಮಾಡ್ತಾರ್ರಿ' ಅಂದ. ರಾತ್ರಿ ಪಾಳಿಯ ಕೆಲಸ ಇರಬೇಕು. ಆಮೇಲೆ ಮಾತಿಲ್ಲ.

ಆಂಬುಲೆನ್ಸ್ ಬಂತು, ಹೋಯಿತು. ಪೊಲೀಸರು ನನ್ನ ನಂಬರ್ ಬರೆದುಕೊಂಡರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಹೋಯಿತು ಅಂತ ಅವರಲ್ಲಿ ಒಬ್ಬರು ಆಮೇಲೆ ಫೋನಿನಲ್ಲಿ ಹೇಳಿದರು.

ನಾನು ಮನೆಗೆ ವಾಪಸ್ ಬರಲಿಲ್ಲ. ಗೆಳೆಯನ ಹೊಲಕ್ಕೇ ಹೋದೆ. ಅದು ಸರಿಯೋ ತಪ್ಪೋ ಗೊತ್ತಿಲ್ಲ, ಆ ಕತ್ತಲಲ್ಲಿ ತಿರುಗಿ ಅದೇ ಜಾಗ ದಾಟುವ ಧೈರ್ಯ ಇರಲಿಲ್ಲ. ಟೆಂಟ್ ಬಿಚ್ಚಲು ಹೋದಾಗ ಹ್ಯಾಂಡಲ್‌ನಲ್ಲಿ ಒಂದು ವೈರ್ ಚೀಲ ನೇತಾಡುತ್ತಿತ್ತು. ನನ್ನದಲ್ಲ. ರಸ್ತೆ ಮೇಲೆ ಬಿದ್ದದ್ದನ್ನು ಯಾರೋ ಆರಿಸಿ, ನಿಂತಿದ್ದ ಬೈಕಿಗೆ ಸಿಕ್ಕಿಸಿದ್ದಾರೆ. ಒಳಗೆ ಸ್ಟೀಲ್ ಡಬ್ಬಿ. ಬೆಳಿಗ್ಗೆ ನೋಡಿದರೆ ಇರುವೆ ಹತ್ತಿದ್ದವು, ಅದಕ್ಕೇ ಮುಚ್ಚಳ ತೆಗೆದೆ. ಸಜ್ಜೆ ರೊಟ್ಟಿ, ಹಬ್ಬದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಒಂದು. ನನ್ನ ಬುತ್ತಿಯಲ್ಲೂ ಅದೇ ಇತ್ತು. ಎಸೆಯಲು ಮನಸ್ಸಾಗಲಿಲ್ಲ. ಬದುವಿನ ಮೇಲೆ ಇಟ್ಟೆ, ಕಾಗೆ ಬಂದು ತಿಂದವು.

ಈಗ ಹನ್ನೆರಡು ದಿನ ಆಯಿತು. ತೊಳೆದ ಡಬ್ಬಿ ಅಂಗಡಿಯ ವಾರ್ನಿಶ್ ಡಬ್ಬಗಳ ಪಕ್ಕ ಕೂತಿದೆ.

ಇನ್ನೊಂದು ವಿಷಯ. ಅವತ್ತು ಹೆಡ್‌ಲೈಟ್ ಬೆಳಕಲ್ಲಿ ಟ್ರಾಲಿಯ ಹಿಂದಿನ ಲೈಟ್ ನೋಡಿದೆ. ಬಲ್ಬ್ ಇತ್ತು, ವೈರ್ ತುಂಡಾಗಿ ನೇತಾಡುತ್ತಿತ್ತು. ತುದಿಯ ತಾಮ್ರ ಹಸಿರುಗಟ್ಟಿತ್ತು. ಈಗ ತಾನೇ ಹರಿದ ತಾಮ್ರ ಕೆಂಪಗೆ ಹೊಳೆಯುತ್ತೆ. ಇದು ಗುದ್ದಿದ್ದಕ್ಕೆ ಹರಿದದ್ದಲ್ಲ, ಎಷ್ಟೋ ತಿಂಗಳ ಹಿಂದಿನದು. ಜೋಡಿಸಿ ಟೇಪ್ ಸುತ್ತಲು ನನಗೆ ಐದು ನಿಮಿಷ ಬೇಕಿಲ್ಲ. ಮೊನ್ನೆ ಟ್ರ್ಯಾಕ್ಟರ್ ಕಡೆಯವರೊಬ್ಬರು ಅಂಗಡಿಗೆ ಬಂದಿದ್ದರು. ಚಹಾ ಕುಡಿದು, 'ಹುಡುಗ ಭಾಳ್ ಸ್ಪೀಡ್ ಬರ್ಲತ್ತಿದ್ದ ಅಂತ ಒಂದ್ ಮಾತ್ ಹೇಳ್ರಿ ಸಾಕು' ಅಂದು ಹೋದರು. ಬೈಯಲಿಲ್ಲ, ಹೆದರಿಸಲಿಲ್ಲ. ನಾನು ಆಗಲಿ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಅದೇ ಕೊರೆಯುತ್ತಿದೆ.

ಡಬ್ಬಿ ಸ್ಟೇಷನ್‌ಗೆ ಕೊಡಬೇಕಾ, ಮನೆಗಾ? ಮನೆಗೆ ಕೊಡುವುದಾದರೆ, ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತಾರಲ್ಲ, ಸಾವಾದ ಮನೆಗೆ ಏನು ಹಾಕಿ ಕೊಡುವುದು? ಅವನು ಟೈಮ್ ಕೇಳಿದ್ದನ್ನು ಹೇಳಬೇಕಾ?

ಬೀದರ್ ಬುಲೆಟ್

ಅಣ್ಣಾ, ಓದಿ ಹೊಟ್ಟೆ ತೊಳೆಸಿದ ಹಾಗಾಯಿತು. ಹುಮನಾಬಾದ್ ಹತ್ತಿರ ನಾನೂ ಇಂಥದ್ದೊಂದು ನೋಡಿದ್ದೇನೆ, ಅಲ್ಲಿ ಕಬ್ಬಿನ ಟ್ರಾಲಿ. ಆರು ತಿಂಗಳು ಕತ್ತಲಾದ ಮೇಲೆ ಗಾಡಿ ತೆಗೆದಿಲ್ಲ. ಡಬ್ಬಿ ಮನೆಗೇ ಕೊಡಿ. ಸ್ಟೇಷನ್‌ಗೆ ಕೊಟ್ಟರೆ ಮೂಲೆ ಸೇರುತ್ತೆ.

ಕೋರ್ಟ್ ಹಾಲ್ ಹೊರಗಿನ ಬೆಂಚು

ಮೇಲಿನವರ ಮಾತಿಗೆ ಸ್ವಲ್ಪ ತಿದ್ದುಪಡಿ. ಕೊಡುವ ಮುಂಚೆ ತನಿಖೆ ಮಾಡುತ್ತಿರುವ ಅಧಿಕಾರಿಗೆ ಒಂದು ಮಾತು ಹೇಳಿ. ಬೇಡ ಅಂದರೆ ನೇರ ಮನೆಗೆ ಹೋಗಿ. ನಾಳೆ ಯಾರೂ ಬೆರಳು ತೋರಿಸಬಾರದು ನೋಡಿ.

ಪೊಲೀಸ್, ಕೋರ್ಟ್ ಅಂತ ಹೆದರಬೇಡಿ. ಗಾಯಾಳುಗೆ ನೆರವಾದವರನ್ನು ಸತಾಯಿಸಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ, ಹೀಗೆ ನೆರವಾದವರ ರಕ್ಷಣೆಗೇ ಅಂತ 134ಎ ಕಲಂ ಸೇರಿತು. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಒಪ್ಪಿದರೆ ಪೊಲೀಸರು ಹೇಳಿಕೆ ಪಡೆಯುವುದು ಒಂದೇ ಸಲ. ಅವರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ, ಆದರೆ ಓದಿಸಿ ಕೇಳಿ.

ಆ ಹಸಿರುಗಟ್ಟಿದ ತಾಮ್ರ ಇದೆಯಲ್ಲ, ಅದನ್ನು ಬಿಡಬೇಡಿ. ಇಲ್ಲಿ ಬರೆದ ಹಾಗೇ ಹೇಳಿ. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ರಸ್ತೆಯಲ್ಲಿ ಅಪಾಯ ಆಗುವಂತೆ ವಾಹನ ಬಿಟ್ಟು ಹೋಗುವುದೇ 122ನೇ ಕಲಂ ಪ್ರಕಾರ ತಪ್ಪು. ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಿದಾಗ 'ಹುಡುಗನದೂ ತಪ್ಪಿತ್ತು' ಅಂತ ಸಾಬೀತಾದರೆ ಅಷ್ಟು ದುಡ್ಡು ಕತ್ತರಿ. ಆ 'ಒಂದು ಮಾತು' ಕೇಳಲು ಚಹಾ ಕುಡಿದು ಹೋದದ್ದು ಇದಕ್ಕೇ. ಅವರು ಬಂದದ್ದನ್ನೂ ಅಧಿಕಾರಿಗೆ ಹೇಳಿ. ಅರ್ಜಿ ಅಪಘಾತವಾದ ಆರು ತಿಂಗಳೊಳಗೆ ಹಾಕಿಬಿಡಲಿ ಅಂತ ಮನೆಯವರಿಗೆ ತಿಳಿಸಿ.

ಹಳೇ ಆಂಬುಲೆನ್ಸ್ ಸಿಬ್ಬಂದಿ

ಒಂಬತ್ತು ವರ್ಷ ಈ ಕೆಲಸ ಮಾಡಿದವನು ನಾನು. ನೀವು ಬರೆದಿಲ್ಲ, ಆದರೂ ಕೇಳುತ್ತಿರುವುದು 'ಮಾತಾಡುತ್ತಿದ್ದವನು ಹೇಗೆ ಹೋದ, ನಾನೇನಾದರೂ ತಪ್ಪು ಮಾಡಿದೆನಾ' ಅಂತ ಅಲ್ವಾ? ತಲೆಗೆ ಪೆಟ್ಟು ಬಿದ್ದವರು ಕೆಲವೊಮ್ಮೆ ಚೆನ್ನಾಗಿಯೇ ಮಾತಾಡುತ್ತಾರೆ. ಬುರುಡೆಯ ಒಳಗೆ ರಕ್ತ ಸೋರಿ ಮಿದುಳನ್ನು ಒತ್ತಲು ಸ್ವಲ್ಪ ಹೊತ್ತು ಬೇಕು. ಹೊರಗೆ ರಕ್ತ ಕಾಣಲ್ಲ. ಕುತ್ತಿಗೆ ಹಿಡಿದು ಕೂತದ್ದು ಸರಿ, ನೀರು ಕೊಡದಿದ್ದದ್ದು ಸರಿ. ರಸ್ತೆ ಮೇಲೆ ಅದಕ್ಕಿಂತ ಜಾಸ್ತಿ ಮಾಡಲು ನನಗೂ ಆಗುತ್ತಿರಲಿಲ್ಲ.

ನಿದ್ದೆ ಬರುತ್ತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯದ ಸಹಾಯವಾಣಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನೇ ಮಾಡಿದ್ದೇನೆ.

ಸುಮ್ನೆ ಓದುಗ

ಅದಕ್ಕೇ ಒಬ್ಬೊಬ್ಬರೇ ಹೋಗಬಾರದು ಅನ್ನೋದು.

ಬೀದರ್ ಬುಲೆಟ್

ಜೊತೆಗೆ ಇನ್ನೊಬ್ಬ ಇದ್ದಿದ್ದರೆ ಟ್ರಾಲಿಗೆ ಲೈಟ್ ಬರ್ತಿತ್ತಾ?

ಯಾದಗಿರಿ ಅಕ್ಕ

ತಮ್ಮಾ, ಎಲ್ಲರೂ ಕಾನೂನು ಹೇಳಿದರು, ಡಬ್ಬಿಗೆ ಏನು ಹಾಕಬೇಕು ಅಂತ ಯಾರೂ ಹೇಳಲಿಲ್ಲ. ಸಕ್ಕರೆ, ಬೆಲ್ಲ ಬೇಡ. ಮಾಡಿದ ಅಡಿಗೆಯೂ ಬೇಡ. ಒಂದು ಹಿಡಿ ಜೋಳ ಹಾಕು. ಕೈಗೆ ಕೊಡುವಾಗ ಏನೂ ಹೇಳಬೇಡ. ಅವರೇ ಕೇಳುತ್ತಾರೆ. ಎಷ್ಟು ಕೇಳುತ್ತಾರೋ ಅಷ್ಟು ಹೇಳು. ನಮ್ಮ ಮನೆಯವರು ಹೋದಾಗ ಕೊನೆಗೆ ಏನಂದರು ಅಂತ ಹೇಳಲು ನನಗೆ ಯಾರೂ ಸಿಗಲಿಲ್ಲ.

ವೈಂಡಿಂಗ್ ಅಂಗಡಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಉತ್ತರ ತಡವಾಯಿತು. ಸೋಮವಾರ ಸ್ಟೇಷನ್‌ಗೆ ಹೋಗಿ ಹೇಳಿಕೆ ಕೊಟ್ಟೆ. ವೈರಿನ ಮಾತು ಬರೆಯುವಾಗ ಅವರು 'ತಾಮ್ರ ಹಸಿರು ಅಂದ್ರ ಹ್ಯಾಂಗ್ರಿ?' ಅಂದರು. ಜೇಬಿನಲ್ಲಿ ಹಳೇ ತುಂಡು, ಹೊಸ ತುಂಡು ಎರಡನ್ನೂ ಒಯ್ದಿದ್ದೆ, ಮೇಜಿನ ಮೇಲಿಟ್ಟು ತೋರಿಸಿದೆ. ಚಹಾದವರ ವಿಷಯವನ್ನೂ ಹೇಳಿದೆ. ಡಬ್ಬಿ ಬೇಕಿಲ್ಲ, ಮನೆಗೆ ಕೊಡಿ ಅಂದರು.

ಅಲ್ಲಿಂದ ಅವರ ಊರಿಗೆ ಬಸ್ಸಿನಲ್ಲಿ ಹೋದೆ. ಬೈಕ್ ತೆಗೆಯಲಿಲ್ಲ. ತಾಯಿ ಇದ್ದರು. ಅಕ್ಕ ಹೇಳಿದ ಹಾಗೆ ಜೋಳ ಹಾಕಿದ್ದೆ, ಏನೂ ಹೇಳದೆ ಕೊಟ್ಟೆ. ಮೊದಲು ಕೇಳಿದ್ದು 'ಉಂಡಿದ್ನೇನ್ರಿ?' ಅಂತ. ಇಲ್ಲ, ಡಬ್ಬಿ ತುಂಬಿತ್ತು, ಕಾಗೆಗೆ ಇಟ್ಟೆ ಅಂದೆ. ಆಮೇಲೆ ಏನಾರ ಅಂದನಾ ಅಂತ ಕೇಳಿದರು, ಹೇಳಿದೆ. ಗೇಟಿನ ಮಾತನ್ನೂ ಹೇಳಿದೆ. ಅವರು ಬಹಳ ಹೊತ್ತು ಡಬ್ಬಿಯನ್ನೇ ತಿರುವಿ ತಿರುವಿ ನೋಡುತ್ತಿದ್ದರು. ಕೊನೆಗೆ, 'ಇದರ ಮುಚ್ಚಳ ಇದ್ರದಲ್ರಿ, ಸಣ್ಣವನ ಡಬ್ಬಿದು. ಹೊತ್ತಾಗ್ಯಾದಂತ ಅವಸರದಾಗ ಅದನ್ನೇ ಹಾಕ್ಕೊಂಡು ಹೋಗ್ಯಾನ' ಅಂದರು. ಒಳಗೆ ಹೋಗಿ ಜೋಳ ಸುರುವಿ, ಸರಿಯಾದ ಮುಚ್ಚಳ ಹಚ್ಚಿಟ್ಟರು.