ತಾತನ ಮಾರುತಿ, ಚಿಕ್ಕಪ್ಪನ ನುಸಿಗುಳಿಗೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 31 ಜನ ಇದ್ದೇವೆ. ಬೆಳಿಗ್ಗೆ ಹೂವಿನ ಚಿತ್ರ, ಹಬ್ಬಕ್ಕೆ ದೇವರ ಚಿತ್ರ, ಅಷ್ಟೇ ವ್ಯವಹಾರ. ಕಳೆದ ಬೇಸಿಗೆಯಲ್ಲಿ ಮಾತ್ರ ಅದು ಗ್ಯಾರೇಜ್ ಆಗಿಬಿಟ್ಟಿತ್ತು. ಕಾರಣ ತಾತನ ಕಾರು. 1998ರ ಮಾರುತಿ 800, ಬಿಳಿ ಬಣ್ಣ, ಕೆಎ 34. ತಾತ ಹೋದ ಮೇಲೆ ಬಳ್ಳಾರಿಯಲ್ಲಿ ಉಳಿದವಳು ನಾನೊಬ್ಬಳೇ ಅಂತ ಕೀಲಿ ನನ್ನ ಕೈಗೆ ಬಂತು. ಕಾರು ಎಲ್ಲರದು, ಸಲಹೆಯೂ ಎಲ್ಲರದು. ರಿಪೇರಿ ಖರ್ಚು ಮಾತ್ರ ನನ್ನದು.

ಒಂದು ದಿನ ಕಂಪ್ಲಿ ಅತ್ತೆಯನ್ನು ಕೂರಿಸಿಕೊಂಡು ಕುರುಗೋಡಿಗೆ ಹೊರಟಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಗಾಡಿ ಬಂದ್ ಬಿತ್ತು. ಇಬ್ಬರೂ ಜಾಲಿ ಮರದ ಕೆಳಗೆ 20 ನಿಮಿಷ ಕೂತೆವು. ಆಮೇಲೆ ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಅತ್ತೆ ಇದನ್ನು ಗುಂಪಿನಲ್ಲಿ ಬರೆದರು. ಮರುದಿನ ಬೆಳಿಗ್ಗೆ ಹೂವಿನ ಚಿತ್ರದ ಬದಲು ಇದು ಬಂತು.

ಸಿರುಗುಪ್ಪ ಚಿಕ್ಕಪ್ಪ (ಫಾರ್ವರ್ಡ್): ಹಳೆ ಗಾಡಿ ಇರುವವರು ತಪ್ಪದೆ ಓದಿ!! ಇ20 (20 ಪರ್ಸೆಂಟ್ ಎಥೆನಾಲ್ ಬೆರೆಸಿದ) ಪೆಟ್ರೋಲ್ ನಿಮ್ಮ ಇಂಜಿನ್ ತಿಂದುಹಾಕುತ್ತಿದೆ! ದಾರಿಯಲ್ಲಿ ಗಾಡಿ ನಿಲ್ಲುವುದು ಇದರಿಂದಲೇ! ಟ್ಯಾಂಕಿಗೆ 4 ನುಸಿಗುಳಿಗೆ, 50 ಎಂಎಲ್ 2ಟಿ ಆಯಿಲ್ ಹಾಕಿ. ತೊಂದರೆ ಮಾಯ! 10 ಗುಂಪಿಗೆ ಕಳಿಸಿ!

ಸಿರುಗುಪ್ಪ ಚಿಕ್ಕಪ್ಪ: ಸುಮಾ, ಇದು ನಿನಗೇ ಬರೆದ ಹಾಗಿದೆ ನೋಡಮ್ಮ.

ಕಂಪ್ಲಿ ಅತ್ತೆ: ನುಸಿಗುಳಿಗೆ ಅಂದರೆ ಟ್ರಂಕಿನಲ್ಲಿ ಸೀರೆ ನಡುವೆ ಇಡುತ್ತೇವಲ್ಲ, ಅದಾ?

ಪವನ, ಬೆಂಗಳೂರು: ಅಕ್ಕ, ಅದೆಲ್ಲ ಹಾಕಬೇಡ ಪ್ಲೀಸ್. ಯಾವುದಾದರೂ ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸು. ಎರರ್ ಕೋಡ್ ಬರುತ್ತದೆ. 5 ನಿಮಿಷದ ಕೆಲಸ.

ನಾನು: ಪವನಾ, ಇದು ಕಾರ್ಬುರೇಟರ್ ಗಾಡಿ. ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವುದು ಕಾರ್ಬುರೇಟರ್, ಕಂಪ್ಯೂಟರ್ ಇಲ್ಲ. ಸ್ಕ್ಯಾನರ್ ಎಲ್ಲಿಗೆ ಸಿಕ್ಕಿಸಲಿ, ಸಿಗರೇಟ್ ಲೈಟರಿಗಾ?

ಪವನ: ಹಾಗಾದರೆ ಮಾರಿಬಿಡಿ.

ಸಿರುಗುಪ್ಪ ಚಿಕ್ಕಪ್ಪ: ಅಪ್ಪನ ಕಾರು ಮಾರುವ ಮಾತು ಈ ಗುಂಪಿನಲ್ಲಿ ಬೇಡ.

ಇಲ್ಲಿಂದ 40 ಮೆಸೇಜು ಕಾರು ಮಾರಬೇಕೋ ಬೇಡವೋ ಅನ್ನುವುದರ ಮೇಲೇ ಹೋದವು. ಅದನ್ನು ಬಿಡುತ್ತೇನೆ. 2023ರಲ್ಲಿ ಆರ್‌ಸಿ ರಿನ್ಯೂವಲ್ ಆಗಿದೆ, 2028ರ ತನಕ ಓಡಿಸಬಹುದು ಅಂತ ನಾನು ಬರೆದ ಮೇಲೆ ಸ್ವಲ್ಪ ತಣ್ಣಗಾಯಿತು.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ನುಸಿಗುಳಿಗೆ ನ್ಯಾಫ್ತಲೀನ್ ಅಲ್ಲವೇ ಅಲ್ಲ. ಕ್ಲೋರಿನ್ ಇರುವ ಬೇರೆ ಪದಾರ್ಥ. ಉರಿದರೆ ಆಮ್ಲ ಆಗುತ್ತದೆ. ನ್ಯಾಫ್ತಲೀನೇ ಆದರೂ ಕರಗದೆ ಉಳಿದದ್ದು ಕಾರ್ಬುರೇಟರ್ ಜೆಟ್‌ನಲ್ಲಿ ಕೂತರೆ? ಕೂದಲೆಳೆಯಷ್ಟು ತೂತು ಅದು. 2ಟಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆಸುವ ಟೂ ಸ್ಟ್ರೋಕ್ ಹಳೆ ಸ್ಕೂಟರಿಗೆ. ನಮ್ಮದು ಫೋರ್ ಸ್ಟ್ರೋಕ್. ಸುಮ್ನೆ ಹೊಗೆ, ಪ್ಲಗ್ಗಿಗೆ ಮಸಿ.

ಸಿರುಗುಪ್ಪ ಚಿಕ್ಕಪ್ಪ: ಸರಿ, ಗುಳಿಗೆ ಬಿಡು. ಇ20 ಮಾತು ಸುಳ್ಳಾ? 1998ರ ಗಾಡಿಗೆ 2023ರ ಪೆಟ್ರೋಲ್ ಹಾಕಿದರೆ ಹೇಗೆ ಹೊಂದುತ್ತದೆ?

ಸಂಡೂರು ಭಾವ ಅಲ್ಲಿಯ ತನಕ ಸುಮ್ಮನಿದ್ದರು. ಭಾವನವರದು ಅದಿರು ಲಾರಿ ಇದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಒಂದೊಂದಾಗಿ ಮಾರಿದರು. ಹಗಲೆಲ್ಲ ಲಾರಿ ಕೆಳಗೆ ಮಲಗಿ ರಿಪೇರಿ ಮಾಡಿದವರು. ಟೈಪ್ ಮಾಡುವುದು ನಿಧಾನ, ಮಾತು ಕಡಿಮೆ.

ಸಂಡೂರು ಭಾವ: ಇಲ್ಲಿಯ ತನಕ ಏನೇನು ಬದಲಾಯಿಸಿದ್ದೀಯಮ್ಮ?

ನಾನು: ಮೊದಲನೇ ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದ. ಎರಡನೆಯವ ಕಾರ್ಬುರೇಟರ್ ಬಿಚ್ಚಿ ಕಚರಾ ತೆಗೆದ. ಮೂರನೆಯವ ಪೆಟ್ರೋಲ್ ಪಂಪ್, ಫಿಲ್ಟರ್, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಮೂರೂ ಹೊಸದು ಹಾಕಿದ. ಒಟ್ಟು 6,400. ಆಮೇಲೆ ಕುರುಗೋಡು.

ಸಂಡೂರು ಭಾವ: ಅಂದರೆ ಮೂವರೂ ಗುಂಡು ಹೊಡೆದರು, ಹಕ್ಕಿ ಎಲ್ಲಿ ಕೂತಿದೆ ಅಂತ ಯಾರೂ ನೋಡಲಿಲ್ಲ. ನಿಲ್ಲುವಾಗ ಹೇಗೆ ನಿಲ್ಲುತ್ತದೆ?

ನಾನು: ನಿಲ್ಲುತ್ತದೆ ಅಷ್ಟೇ ಭಾವ.

ಅಷ್ಟರಲ್ಲಿ ಅಜ್ಜಿಯ ವಾಯ್ಸ್ ಮೆಸೇಜ್ ಬಂತು. ಮೊಮ್ಮಗ ಮೊಬೈಲ್ ಹಿಡಿದಿದ್ದ, ಹಿಂದೆ ಕುಕ್ಕರ್ ಸೀಟಿ. ಅಜ್ಜಿ ಕೇಳಿದ್ದು ಒಂದೇ ಮಾತು: "ದೀಪ ಊದಿದ ಹಾಗೆ ಆರುತ್ತದಾ, ಎಣ್ಣೆ ತೀರಿದ ಹಾಗೆ ಆರುತ್ತದಾ?"

ಭಾವ ಮೂರು ಕೈಮುಗಿದ ಚಿತ್ರ ಹಾಕಿದರು.

ಸಂಡೂರು ಭಾವ: ಅಜ್ಜಿ ಕೇಳಿದ್ದನ್ನೇ ನಾನೂ ಕೇಳುತ್ತಿರುವುದು. ಓಡುತ್ತಾ ಓಡುತ್ತಾ ಪಟ್ ಅಂತ ಕೀಲಿ ತಿರುಗಿಸಿದ ಹಾಗೆ ಆಫ್ ಆದರೆ ಅದು ಕರೆಂಟಿನ ಕಡೆ. ಕಾಯಿಲ್, ವೈರು, ಬ್ಯಾಟರಿ ಟರ್ಮಿನಲ್, ಅರ್ತ್. ಜಗ್ಗಿ ಜಗ್ಗಿ, ಪಿಕಪ್ ಬಿಟ್ಟು, ಕೆಮ್ಮಿ ನಿಂತರೆ ಪೆಟ್ರೋಲ್ ಕಡೆ.

ಕಂಪ್ಲಿ ಅತ್ತೆ: ಕೆಮ್ಮಿತು. ನಾನು ಕೇಳಿದ್ದೇನೆ. ಕೆಮ್ಮುವ ಮೊದಲು ಎಮ್ಮೆ ಹಗ್ಗ ಜಗ್ಗಿದ ಹಾಗೆ ಮೂರು ಸಲ ಜಗ್ಗಿತು.

ಸಿರುಗುಪ್ಪ ಚಿಕ್ಕಪ್ಪ: ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿ ಆಗಿರುತ್ತದೆ. ಅಪ್ಪ ಇದ್ದಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ತಣ್ಣಗಾದ ಮೇಲೆ ಹೊರಡುತ್ತಿತ್ತು. ನಾನೇ ಹಾಕಿದ್ದೇನೆ.

ಇದು ತೆಗೆದುಹಾಕುವ ಮಾತಲ್ಲ. ಬಳ್ಳಾರಿ ಮೇ ತಿಂಗಳ ಬಿಸಿಲು ಯಾರಿಗೆ ಗೊತ್ತಿಲ್ಲ? ಹಳೆ ಮಾರುತಿಯಲ್ಲಿ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಕಾವಿಗೆ ಪೆಟ್ರೋಲ್ ಗುಳ್ಳೆ ಎದ್ದರೆ ಪಂಪು ಗಾಳಿ ಎಳೆಯುತ್ತಾ ಕೂರುತ್ತದೆ. ಕಾಯಿಲ್ಲೂ ಹಾಗೇ, ಕಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವುದುಂಟು. ನಾನೂ ಒಂದು ವಾರ ಚಿಕ್ಕಪ್ಪನ ಪಕ್ಷದಲ್ಲೇ ಇದ್ದೆ. ಆದರೆ ಹಾಜರಿ ಪುಸ್ತಕ ಬರೆದು ಬರೆದು ಅಭ್ಯಾಸ ಆದವಳು, ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ. ಅದರ ಫೋಟೊ ಹಾಕಿದೆ. ನನ್ನ ಕೈಬರಹ ಯಾರಿಗೂ ಓದಲು ಬರಲಿಲ್ಲ, ಕೊನೆಗೆ ಟೈಪ್ ಮಾಡಿದೆ.

ನಾನು: ನಿಂತದ್ದು ಮೂರು ಸಲ. ಕುರುಗೋಡು ದಾರಿ, ಮಧ್ಯಾಹ್ನ 1 ಗಂಟೆ. ಹೊಸಪೇಟೆ ದಾರಿಯಲ್ಲಿ ಕುಡಿತಿನಿ ದಾಟಿ ತೋರಣಗಲ್ಲು ಹತ್ತಿರ, ಬೆಳಗಿನ ಜಾವ 5:40, ಕಿಟಕಿ ಏರಿಸಿಕೊಂಡು ಹೋಗುವಷ್ಟು ತಂಪು. ಸಿರುಗುಪ್ಪ ದಾರಿಯಲ್ಲಿ ಸಿರಿಗೇರಿ ಕ್ರಾಸ್, ಸಂಜೆ. ಮೂರೂ ಸಲ 60ರ ಸ್ಪೀಡಿನಲ್ಲಿ ಅರ್ಧ ಗಂಟೆ ಹತ್ತಿರ ಒಂದೇ ಸಮ ಓಡಿದ ಮೇಲೆ. ನಿಲ್ಲದೆ ಇದ್ದದ್ದು: ದಿನಾ ಶಾಲೆಗೆ 6 ಕಿಲೋಮೀಟರ್, ಒಂದು ಸಲವೂ ಇಲ್ಲ. ಮೋತಿ ಸರ್ಕಲ್ ಜಾಮ್‌ನಲ್ಲಿ ನಡು ಮಧ್ಯಾಹ್ನ 40 ನಿಮಿಷ ಸ್ಟಾರ್ಟ್‌ನಲ್ಲೇ ನಿಂತಿದ್ದೆ. ಆಗಲೂ ಇಲ್ಲ.

ಸಂಡೂರು ಭಾವ: ಇದನ್ನು ಮೊದಲೇ ಹೇಳಬಾರದಾ? ಕಾವಿನ ತೊಂದರೆ ಆಗಿದ್ದರೆ ಮೋತಿ ಸರ್ಕಲ್‌ನಲ್ಲಿ ಮೊದಲು ನಿಲ್ಲಬೇಕಿತ್ತು. ಗಾಳಿ ಇಲ್ಲ, ಬಾನೆಟ್ ಕೆಳಗೆ ಒಲೆ. ಬೆಳಗಿನ ಜಾವದಲ್ಲಿ ನಿಲ್ಲಲೇಬಾರದಿತ್ತು.

ಪವನ: ಅಂದರೆ ಸ್ಪೀಡ್?

ಸಂಡೂರು ಭಾವ: ಸ್ಪೀಡ್ ಅಂದರೆ ಪೆಟ್ರೋಲ್ ಬೇಡಿಕೆ. ಊರೊಳಗೆ ಚಮಚದಲ್ಲಿ ಕೊಟ್ಟರೆ ಸಾಕು, ಹೈವೇಯಲ್ಲಿ ಲೋಟದಲ್ಲಿ ಕೊಡಬೇಕು. ಟ್ಯಾಂಕಿನಿಂದ ಪಂಪಿನ ತನಕ ಎಲ್ಲೋ ಗಂಟಲು ಕಟ್ಟಿದೆ. ಚಮಚದಷ್ಟು ಇಳಿಯುತ್ತದೆ, ಲೋಟದಷ್ಟು ಇಳಿಯುವುದಿಲ್ಲ. ಸುಮಾ, ಇನ್ನೊಮ್ಮೆ ನಿಂತರೆ ಸೆಲ್ಫ್ ಹೊಡೆಯುತ್ತಾ ಕೂರಬೇಡ. ಮೊದಲು ಟ್ಯಾಂಕ್ ಮುಚ್ಚಳ ತೆಗೆ. ಸುಯ್ ಅಂತ ಗಾಳಿ ಒಳಗೆ ಹೋದರೆ ಟ್ಯಾಂಕಿಗೆ ಉಸಿರಾಟ ಇಲ್ಲ ಅಂತ. ಆಮೇಲೆ ಇಂಜಿನ್ ಆಫ್ ಇರುವಾಗಲೇ ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರ್ ಬಾಯೊಳಗೆ ನೋಡು. ಇನ್ನೊಬ್ಬರು ಆಕ್ಸಿಲರೇಟರ್ ಒತ್ತಲಿ. ಸರ್ ಅಂತ ಪೆಟ್ರೋಲ್ ಚಿಮ್ಮಿದರೆ ಪೆಟ್ರೋಲ್ ಇದೆ, ಆಗ ಕರೆಂಟ್ ಹುಡುಕು. ಚಿಮ್ಮದಿದ್ದರೆ ಗಂಟಲು ಹುಡುಕು. ಹತ್ತಿರ ಬೀಡಿ ಸೇದುವವರು ಯಾರೂ ಬೇಡ.

ಸಿರುಗುಪ್ಪ ಚಿಕ್ಕಪ್ಪ: ಈ ಮಾತು ನನಗೆ ಹೇಳಿದ್ದಾ?

ಸಂಡೂರು ಭಾವ: ನೀವು ಸಿಗರೇಟ್ ಸೇದುವವರು, ಮಾವ.

ಭಾನುವಾರ ಬೇಕಂತಲೇ ಹೊರಟೆ. ಅತ್ತೆ ಕಂಪ್ಲಿಯಿಂದ ಬಂದು ಜೊತೆಗೆ ಕೂತರು, ಡಬ್ಬಿಯಲ್ಲಿ ಮಂಡಕ್ಕಿ ವಗ್ಗರಣೆ, ಮೆಣಸಿನಕಾಯಿ ಬಜ್ಜಿ. (ಗಾಡಿ ನಿಲ್ಲಲಿ ಅಂತ ಹೊರಟ ಪ್ರಯಾಣ ಜೀವನದಲ್ಲಿ ಅದೊಂದೇ.) ಸಿರಿಗೇರಿ ಕ್ರಾಸ್‌ಗೆ ಸ್ವಲ್ಪ ಮೊದಲೇ ಎಮ್ಮೆ ಹಗ್ಗ ಜಗ್ಗಿತು. ಮುಚ್ಚಳ ತೆಗೆದೆ, ಸದ್ದಿಲ್ಲ. ಅತ್ತೆ ಸೀರೆ ಮಡಚಿಕೊಂಡು ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿದರು. ಕಾರ್ಬುರೇಟರ್ ಬಾಯಿ ಒಣಗಿದ ಬಾವಿ ಇದ್ದ ಹಾಗಿತ್ತು.

ಸೋಮವಾರ ಕೌಲ್ ಬಜಾರಿನ ಒಬ್ಬ ಹಳೆ ಮಿಸ್ತ್ರಿಯ ಹತ್ತಿರ ಹೋದೆ. ಗಾಡಿ ಹಿಂದೆ ಮಲಗಿ, ಟ್ಯಾಂಕಿಗೂ ಕಬ್ಬಿಣದ ಪೈಪಿಗೂ ನಡುವೆ ಇರುವ ಗೇಣುದ್ದ ರಬ್ಬರ್ ಪೈಪ್ ಬಿಚ್ಚಿದರು. ಹೊರಗೆ ನೋಡಿದರೆ ಏನೂ ಆಗಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಪದರ ಉಬ್ಬಿ, ಬಿಟ್ಟುಕೊಂಡು, ನಾಲಿಗೆ ಹಾಗೆ ನೇತಾಡುತ್ತಿತ್ತು. ಜೋರಾಗಿ ಎಳೆದಾಗ ನಾಲಿಗೆ ದಾರಿಗೆ ಅಡ್ಡ ಬೀಳುತ್ತದೆ. ಇಂಜಿನ್ ನಿಂತು ಎಳೆತ ಹೋದರೆ ಮೆಲ್ಲಗೆ ಹಿಂದೆ ಸರಿಯುತ್ತದೆ. ನಮ್ಮ 20 ನಿಮಿಷದ ಜಾಲಿ ಮರದ ಲೆಕ್ಕ ಅದು. ಪಂಪ್ ಹೊಸದಾಗಿ, ಎಳೆತ ಜೋರಾಗಿ, ತೊಂದರೆ ಜಾಸ್ತಿಯೇ ಆಗಿರಬಹುದು ಅಂದರು ಮಿಸ್ತ್ರಿ. ಪೈಪು, ಕ್ಲಿಪ್ಪು, ಕೂಲಿ ಸೇರಿ 350 ರೂಪಾಯಿ. ಸೀಳಿದ ಪೈಪಿನ ಫೋಟೊ ಗುಂಪಿಗೆ ಹಾಕಿದೆ. ಜಗಳ ಮುಗಿಯುತ್ತದೆ ಅಂದುಕೊಂಡಿದ್ದೆ.

ಸಿರುಗುಪ್ಪ ಚಿಕ್ಕಪ್ಪ: ನಾನು ಹೇಳಲಿಲ್ಲವಾ! ರಬ್ಬರ್ ಉಬ್ಬಿದೆ! ಇ20!

ಪವನ: ಚಿಕ್ಕಪ್ಪ, ಆ ಪೈಪಿಗೆ 27 ವರ್ಷ.

ಸಿರುಗುಪ್ಪ ಚಿಕ್ಕಪ್ಪ: 25 ವರ್ಷ ಸುಮ್ಮನಿದ್ದ ಪೈಪ್ ಈಗಲೇ ಯಾಕೆ ನಾಲಿಗೆ ಚಾಚಿತು?

ಸಂಡೂರು ಭಾವ: ಲಾರಿ ಪೈಪುಗಳು ಹತ್ತು ವರ್ಷಕ್ಕೇ ಹೀಗಾದದ್ದು ನೋಡಿದ್ದೇನೆ. ಅವು ಡೀಸೆಲ್ ಗಾಡಿ. ಎಥೆನಾಲ್ ಮುಖವನ್ನೇ ಕಂಡಿಲ್ಲ.

ನಾನು: ಚಿಕ್ಕಪ್ಪನ ಮಾತು ಪೂರ್ತಿ ಸುಳ್ಳಲ್ಲ. ಎಥೆನಾಲ್ ಹಳೆ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. 1998ರಲ್ಲಿ ಈ ಪೈಪ್ ಮಾಡಿದವರು 20 ಪರ್ಸೆಂಟ್ ಎಥೆನಾಲ್ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆದರೆ ಈ ಒಂದು ಪೈಪನ್ನು ವಯಸ್ಸು ಎಷ್ಟು ತಿಂದಿತು, ಎಥೆನಾಲ್ ಎಷ್ಟು ತಿಂದಿತು ಅಂತ ಪೈಪ್ ನೋಡಿ ಹೇಳಲು ಆಗುವುದಿಲ್ಲ. ಅದೂ ಅಲ್ಲದೆ ಇ20 "ಇಂಜಿನ್ ತಿಂದಿಲ್ಲ" ಚಿಕ್ಕಪ್ಪ. ನುಸಿಗುಳಿಗೆ ಹಾಕಿದ್ದರೆ ಈ ನಾಲಿಗೆ ಒಳಗೆ ಹೋಗುತ್ತಿರಲಿಲ್ಲ.

ಸಿರುಗುಪ್ಪ ಚಿಕ್ಕಪ್ಪ: ಅರ್ಧ ಒಪ್ಪಿದೆಯಲ್ಲ, ಸಾಕು.

ಸಂಡೂರು ಭಾವ: ಅರ್ಧ ಒಪ್ಪಿದರೆ ಕೆಲಸವೂ ಅರ್ಧ ಬಾಕಿ. ಒಂದು ಪೈಪ್ ಹೋಗಿದೆ ಅಂದರೆ ಅದರ ಜೊತೆಯವು ಕ್ಯೂನಲ್ಲಿವೆ. ಇಂಜಿನ್ ಕಡೆಯ ರಬ್ಬರ್ ಪೈಪ್ ಎಲ್ಲಾ ಬದಲಾಯಿಸಮ್ಮ. ಎಥೆನಾಲ್ ತಡೆಯುವ ಪೈಪ್ ಬೇಕು ಅಂತ ಕೇಳಿ ತಗೊ. ಅಲ್ಲಿ ಪೈಪ್ ಸೋರಿದರೆ ಗಾಡಿ ನಿಲ್ಲುವುದಲ್ಲ, ಬೆಂಕಿ.

ಅದನ್ನೂ ಮಾಡಿಸಿದೆ. ಆಮೇಲೆ ಎರಡು ಸಲ ಸಿರುಗುಪ್ಪಕ್ಕೆ ಹೋಗಿ ಬಂದೆ, 60ರಲ್ಲೇ. ಒಮ್ಮೆಯೂ ಕೆಮ್ಮಲಿಲ್ಲ. ಎರಡನೇ ಸಲ ಚಿಕ್ಕಪ್ಪನ ಮನೆ ಅಂಗಳದಲ್ಲಿ ಅವರ ಹಳೆ ಬೈಕ್ ನಿಂತಿತ್ತು. ಪಕ್ಕದಲ್ಲಿ ಹಾದು ಹೋದರೆ ಅಜ್ಜಿಯ ಟ್ರಂಕ್ ತೆರೆದ ವಾಸನೆ. ನಾನೇನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು.

"ನಿನ್ನ ಆ ಮಿಸ್ತ್ರಿ ಬೈಕ್ ಕಾರ್ಬುರೇಟರೂ ಬಿಚ್ಚುತ್ತಾರಾ?"