ಚಿಕ್ಕಮಗಳೂರಿನಲ್ಲಿದ್ದು ಲಕ್ಷುರಿ ಎಸ್‌ಯುವಿ ತಗೊಳ್ಳೋದಾದ್ರೆ ಯಾವುದು? ಡೀಸೆಲ್ಲಾ, ಹೈಬ್ರಿಡ್ಡಾ?

ಆಲ್ದೂರು ಕಾಫಿ:

ಎಲ್ಲರಿಗೂ ನಮಸ್ಕಾರ. ಮನೆ ಚಿಕ್ಕಮಗಳೂರು ಟೌನಿನಲ್ಲಿ, ತೋಟ ಆಲ್ದೂರಿನ ಹತ್ತಿರ. ಈಗಿರುವುದು ಹಳೇ ಇನ್ನೋವಾ. ಗಾಡಿ ಇನ್ನೂ ಗಟ್ಟಿಯಾಗೇ ಇದೆ, ಆದರೆ ಮನೆಯವರಿಗೆಲ್ಲ ಸಾಕಾಗಿದೆ. ಕಾಫಿ ರೇಟು ಸ್ವಲ್ಪ ಕೈ ಹಿಡಿದಿದೆ, ಈಗ ತಗೊಳ್ಳದಿದ್ದರೆ ಇನ್ಯಾವಾಗ ಅಂತ ಹೆಂಡತಿ, ಮಗಳು ಇಬ್ಬರದೂ ಒಂದೇ ರಾಗ.

ನಮ್ಮ ಓಡಾಟ ಹೀಗಿದೆ. ದಿನಾ ಟೌನಿನೊಳಗೆ ಸ್ಕೂಲು, ಬ್ಯಾಂಕು, ಅಂಗಡಿ, ಎಲ್ಲಾ ಸೇರಿ ಏಳೆಂಟು ಕಿಲೋಮೀಟರ್ ಆಗಬಹುದು. ವಾರಕ್ಕೆ ಒಂದೆರಡು ಸಲ ತೋಟ. ತಿಂಗಳಿಗೊಮ್ಮೆ ಬೇಲೂರು, ಹಾಸನದ ಮೇಲೆ ಬೆಂಗಳೂರು. ಅಮ್ಮನನ್ನು ಆಗಾಗ ಮಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಚಾರ್ಮಾಡಿ ಇಳಿದೇ ಹೋಗೋದು. ರಜೆ ಸಿಕ್ಕಿದರೆ ಗೋಕರ್ಣ, ಹಂಪಿ, ವಯನಾಡು ಅಂತ ಉದ್ದದ ಟ್ರಿಪ್ಪು.

ಆನ್‌ರೋಡ್ (ಟ್ಯಾಕ್ಸು, ಇನ್ಶೂರೆನ್ಸು ಎಲ್ಲಾ ಸೇರಿ) 90 ಲಕ್ಷದ ಒಳಗೆ ಇರಬೇಕು. ಮನಸ್ಸಿನಲ್ಲಿರುವುದು ಬಿಎಂಡಬ್ಲ್ಯು ಎಕ್ಸ್3, ಮರ್ಸಿಡಿಸ್ ಜಿಎಲ್‌ಸಿ, ವೋಲ್ವೋ ಎಕ್ಸ್‌ಸಿ60, ಲೆಕ್ಸಸ್ ಎನ್‌ಎಕ್ಸ್. ನನಗೆ ಸ್ಪೀಡಿನ ಹುಚ್ಚಿಲ್ಲ. ಹಿಂದೆ ಕೂತವರಿಗೆ ಆರಾಮಾಗಬೇಕು (ಅಮ್ಮನಿಗೆ ಮಂಡಿ ನೋವು, ಸಾಲದ್ದಕ್ಕೆ ಘಾಟಿಯಲ್ಲಿ ವಾಂತಿ), ಮತ್ತೆ ಗಾಡಿ ದಾರಿಯಲ್ಲಿ ಕೈ ಕೊಡಬಾರದು, ಇಷ್ಟೇ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ನಮ್ಮ ಕಡೆ ರೋಡಿನಲ್ಲಿ ಓಡಿಸಿರುವವರು ಹೇಳಿ.

ಘಾಟಿ ಸವಾರ:

ಸಾರ್, ಕಣ್ಣು ಮುಚ್ಚಿ ಡೀಸೆಲ್ ತಗೊಳ್ಳಿ. ಎಕ್ಸ್3 20ಡಿ ಅಥವಾ ಜಿಎಲ್‌ಸಿ 220ಡಿ. ಎರಡೂ 2 ಲೀಟರ್ ಇಂಜಿನ್, ಟಾರ್ಕ್ (ಎಳೆಯೋ ಶಕ್ತಿ) ಒಂದರಲ್ಲಿ 400, ಇನ್ನೊಂದರಲ್ಲಿ 440 ನ್ಯೂಟನ್ ಮೀಟರ್. ಐದು ಜನ, ಡಿಕ್ಕಿ ತುಂಬ ಲಗೇಜು ಹಾಕಿಕೊಂಡು ಚಾರ್ಮಾಡಿ ಹತ್ತಿದರೂ ಇಂಜಿನ್ ಉಸಿರು ಬಿಡೋದು ಕೇಳಲ್ಲ. ಎರಡಕ್ಕೂ ಆಲ್ ವೀಲ್ ಡ್ರೈವ್ ಇದೆ, ಮಳೆಗಾಲದಲ್ಲಿ ತೋಟದ ಏರಿಗೆ ಬೇಕೇ ಬೇಕು. ಒಂದ್ಸಲ ಟ್ಯಾಂಕ್ ತುಂಬಿಸಿದರೆ ಬೆಂಗಳೂರಿಗೆ ಹೋಗಿ ಬಂದು ಇನ್ನೂ ಮಿಕ್ಕಿರುತ್ತದೆ.

ಆಡಿ ಕ್ಯೂ5 ನಿಮ್ಮ ಪಟ್ಟಿಯಲ್ಲಿ ಇಲ್ಲ, ಇರೋದೂ ಬೇಡ ಬಿಡಿ. ಬಿಎಸ್6 (ಗಾಡಿ ಹೊಗೆಯ ಹೊಸ ನಿಯಮ) ಬಂದ ಮೇಲೆ 2020ರಿಂದ ಆಡಿಯವರು ಇಲ್ಲಿ ಡೀಸೆಲ್ ಮಾರೋದನ್ನೇ ನಿಲ್ಲಿಸಿದ್ದಾರೆ. ವೋಲ್ವೋದಲ್ಲೂ ಈಗ ಡೀಸೆಲ್ ಇಲ್ಲ.

ಸರ್ವಿಸ್ಸಿಗೆ ಬಿಎಂಡಬ್ಲ್ಯು, ಮರ್ಸಿಡಿಸ್ ಎರಡೂ ಮಂಗಳೂರಿನಲ್ಲೇ ಇವೆ. ಅಮ್ಮನನ್ನು ಆಸ್ಪತ್ರೆಗೆ ಬಿಟ್ಟು ಗಾಡಿಯನ್ನು ಸರ್ವಿಸ್ಸಿಗೆ ಬಿಟ್ಟರಾಯಿತು, ಒಂದೇ ಓಡಾಟದಲ್ಲಿ ಎರಡು ಕೆಲಸ 😀

ಹಾಸನ್ ಬೈಪಾಸ್:

ಘಾಟಿ ಸವಾರರೇ, ಅವರು ಬರೆದಿರೋದನ್ನು ಪೂರ್ತಿ ಓದಿ. ದಿನಾ ಓಡಿಸೋದು ಏಳೆಂಟು ಕಿಲೋಮೀಟರ್! ಅದೂ ನಿಲ್ಲಿಸಿ ನಿಲ್ಲಿಸಿ. ಇವತ್ತಿನ ಡೀಸೆಲ್ ಗಾಡಿಗೆ ಇದೇ ವಿಷ.

ಬಿಎಸ್6 ಡೀಸೆಲ್ಲಿಗೆಲ್ಲ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಹೊಗೆಯಲ್ಲಿರೋ ಮಸಿ ಅದರಲ್ಲಿ ಕೂರುತ್ತೆ. ತುಂಬಿದ ಮೇಲೆ ಗಾಡಿಯೇ ಜಾಸ್ತಿ ಡೀಸೆಲ್ ಬಿಟ್ಟು, ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಆ ಮಸಿ ಸುಡುತ್ತೆ. ಅದಕ್ಕೆ ಹೈವೇಯಲ್ಲಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷವಾದರೂ ಓಡಬೇಕು. ಸ್ಕೂಲಿಗೆ ಹೋಗಿ ಐದು ನಿಮಿಷಕ್ಕೆ ಇಂಜಿನ್ ಆಫ್ ಮಾಡಿದರೆ ಸುಡೋ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಹೀಗೇ ಆಗ್ತಾ ಹೋದರೆ ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್ಲಿಗೆ ಸೇರಿ ಆಯಿಲ್ ತೆಳ್ಳಗಾಗುತ್ತೆ. ನಮ್ಮ ಪಕ್ಕದ ಮನೆಯವರ ಗಾಡಿ (ಯಾವ ಕಂಪನಿ ಅಂತ ಬೇಡ) ಹೀಗೇ ವಾರ್ನಿಂಗ್ ಲೈಟ್ ಹಾಕಿಕೊಂಡು ಲಿಂಪ್ ಮೋಡಿಗೆ (ಇಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳೋದು) ಹೋಗಿ ಚನ್ನರಾಯಪಟ್ಟಣದ ಹತ್ತಿರ ಸೈಡಿಗೆ ನಿಂತಿತ್ತು. ಟೋ ಮಾಡಿಸಿದ್ದೇ ದೊಡ್ಡ ಕತೆ. ಇದರ ಜೊತೆ ಆಡ್‌ಬ್ಲೂ ಅಂತ ಹೊಗೆ ಶುದ್ಧ ಮಾಡೋ ದ್ರವ ಬೇರೆ ತುಂಬಿಸ್ತಾ ಇರಬೇಕು.

ನಿಮ್ಮ ಓಡಾಟಕ್ಕೆ ಹೇಳಿ ಮಾಡಿಸಿದ್ದು ಲೆಕ್ಸಸ್ ಎನ್‌ಎಕ್ಸ್ 350ಎಚ್. ಟರ್ಬೋ ಇಲ್ಲದ 2.5 ಲೀಟರ್ ಪೆಟ್ರೋಲ್, ಜೊತೆಗೆ ಮೋಟಾರು. ಟೌನಿನಲ್ಲಿ ಮೆಲ್ಲಗೆ ಹೋಗುವಾಗ ಹೆಚ್ಚು ಹೊತ್ತು ಬ್ಯಾಟರಿಯಲ್ಲೇ ಓಡುತ್ತೆ, ಪ್ಲಗ್ ಹಾಕಿ ಚಾರ್ಜ್ ಮಾಡೋ ತಲೆನೋವಿಲ್ಲ. 2024ರ ಜೂನ್‌ನಿಂದ ಲೆಕ್ಸಸ್‌ನವರು ಹೊಸ ಗಾಡಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡ್ತಿದ್ದಾರೆ. ಮರ್ಸಿಡಿಸ್ಸಿನದು ಮೂರು ವರ್ಷ, ಬಿಎಂಡಬ್ಲ್ಯುದು ಎರಡೇ ವರ್ಷ, ಮುಂದಕ್ಕೆ ಬೇಕಾದರೆ ದುಡ್ಡು ಕೊಟ್ಟು ತಗೊಳ್ಳಬೇಕು. ಕೈ ಕೊಡಬಾರದು ಅನ್ನೋರಿಗೆ ಇದಕ್ಕಿಂತ ಏನು ಬೇಕು?

ಒಂದು ಮಾತ್ರ ಮೊದಲೇ ಹೇಳಿಬಿಡ್ತೀನಿ. ಘಾಟಿ ಹತ್ತುವಾಗ ಜೋರಾಗಿ ಒತ್ತಿದರೆ ಇ-ಸಿವಿಟಿ ಅನ್ನೋ ಹಂತಗಳಿಲ್ಲದ ಗೇರ್‌ಬಾಕ್ಸಿನಿಂದ ಇಂಜಿನ್ ಕೂಗುತ್ತೆ, ಗಾಡಿ ನಿಧಾನಕ್ಕೆ ಆಮೇಲೆ ಬರುತ್ತೆ. ಮೆಲ್ಲಗೆ ಓಡಿಸೋರಿಗೆ ಅದು ಗೊತ್ತೇ ಆಗಲ್ಲ.

ಘಾಟಿ ಸವಾರ:

ಬೈಪಾಸ್ ಸಾರ್, ಅವರು ವಾರವಾರ ತೋಟಕ್ಕೆ ಹೋಗ್ತಾರೆ, ಆಲ್ದೂರು ಅಂದರೆ ಸುಮಾರು ಇಪ್ಪತ್ತು ಕಿಲೋಮೀಟರ್. ಡಿಪಿಎಫ್ ಸುಡಲಿಕ್ಕೆ ಅದೇ ಸಾಕು. ಸುಮ್ನೆ ಹೆದರಿಸಬೇಡಿ.

ಹಾಸನ್ ಬೈಪಾಸ್:

ಆಲ್ದೂರು ರೋಡಿನಲ್ಲಿ ಒಂದೇ ಸ್ಪೀಡಿನಲ್ಲಿ ಎಲ್ಲಿ ಹೋಗ್ತೀರಿ ಮಾರಾಯ್ರೇ, ತಿರುವು ಬಿಟ್ಟರೆ ಹಂಪು, ಹಂಪು ಬಿಟ್ಟರೆ ದನ. ವಾರಕ್ಕೊಂದ್ಸಲ ಹಾಸನಕ್ಕಾದರೂ ಬರೋರಾಗಿದ್ದರೆ ನಾನೂ ಡೀಸೆಲ್ಲಿಗೆ ಹೂಂ ಅಂತಿದ್ದೆ.

ಮೂಡಿಗೆರೆ ಮಳೆ:

ಇಬ್ಬರೂ ಇಂಜಿನ್ನಿಗೇ ಜಗಳ ಆಡ್ತಿದ್ದೀರಿ. ಅವರು ಕೇಳಿದ್ದು ಅಮ್ಮನ ಬಗ್ಗೆ.

ಅಣ್ಣ, ಮೊದಲು ಟೈರು ನೋಡಿ. ಬಾಗಿಲು ತೆಗೆದರೆ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಿರುತ್ತೆ. 235/55 ಆರ್19 ಅಂತಿದ್ದರೆ ಟೈರಿನ ಅಗಲ 235 ಮಿಲಿಮೀಟರ್, ಪಕ್ಕದ ಗೋಡೆ ಅದರ ನೂರಕ್ಕೆ 55 ಭಾಗ, ಅಂದರೆ ಸುಮಾರು 129 ಮಿಲಿಮೀಟರ್ ರಬ್ಬರು ನಿಮಗೂ ಗುಂಡಿಗೂ ನಡುವೆ. ಅದೇ ಗಾಡಿಯ ಮೇಲಿನ ಮಾಡೆಲ್ಲಿಗೆ ಶೋಕಿಗೆ ಅಂತ 20 ಇಂಚಿನ ರಿಮ್ಮು, 255/45 ಟೈರು ಹಾಕಿದರೆ ಅದು 115ಕ್ಕೆ ಇಳಿಯುತ್ತೆ. ಕಾಗದದಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ, ಆಷಾಢದಲ್ಲಿ ಕೊಟ್ಟಿಗೆಹಾರದ ಕಡೆ ನೀರು ತುಂಬಿದ ಗುಂಡಿಗೆ ಇಳಿದಾಗ ಸೊಂಟಕ್ಕೆ ಗೊತ್ತಾಗುತ್ತೆ. ಅಲಾಯ್ ಬೆಂಡಾಗೋದೂ ಹೀಗೇ. ಆದ್ದರಿಂದ ಚಿಕ್ಕ ರಿಮ್ಮಿನ ಮಾಡೆಲ್ಲೇ ಕೇಳಿ, ಸೇಲ್ಸ್ ಹುಡುಗ ಎಷ್ಟೇ ಹೊಗಳಲಿ. ಆ ಸೈಜಿನ ಟೈರು ಚಿಕ್ಕಮಗಳೂರಿನ ಅಂಗಡಿಯಲ್ಲಿ ಸಿಗುತ್ತಾ ಅಂತಲೂ ವಿಚಾರಿಸಿ, ಸಾಮಾನ್ಯವಾಗಿ ತರಿಸಬೇಕಾಗುತ್ತೆ. ಆಮೇಲೆ ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿ ಇದೆಯಾ, ಇಲ್ಲಾ ಬರೀ ಪಂಕ್ಚರ್ ಕಿಟ್ಟಾ ನೋಡಿ. ಟೈರಿನ ಸೈಡು ಹರಿದರೆ ಕಿಟ್ಟು ಏನೂ ಪ್ರಯೋಜನಕ್ಕಿಲ್ಲ, ಚಾರ್ಮಾಡಿಯಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇರಲ್ಲ.

ನನ್ನ ವೋಟು ಎಕ್ಸ್‌ಸಿ60ಗೆ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲ) ಇದೆ. ತೋಟದ ದಾರಿಗೆ ಗಾಡಿ ಎತ್ತಿಕೊಳ್ಳಬಹುದು, ಹತ್ತಿ ಇಳಿಯುವಾಗ ತಗ್ಗಿಸೋ ಸೆಟ್ಟಿಂಗ್ ಇದೆ. ಮಂಡಿ ನೋವಿನವರಿಗೆ ಇದೊಂದೇ ಸಾಕು. ಸೀಟು ವೋಲ್ವೋದವರಷ್ಟು ಚೆನ್ನಾಗಿ ಇನ್ಯಾರೂ ಮಾಡಲ್ಲ ಅಂತ ನನ್ನ ಅಭಿಪ್ರಾಯ. ಮೇಲಾಗಿ ನಮ್ಮ ಹೊಸಕೋಟೆಯಲ್ಲೇ ಜೋಡಿಸೋ ಗಾಡಿ. 180ರ ಮೇಲೆ ಓಡದ ಹಾಗೆ ಕಂಪನಿಯವರೇ ಲಾಕ್ ಮಾಡಿರ್ತಾರೆ, ನಮ್ಮ ರೋಡಿಗೆ 80 ಸಾಕು. ಏರ್ ಸಸ್ಪೆನ್ಷನ್ನು ವಾರಂಟಿ ಮುಗಿದ ಮೇಲೆ ಕೆಟ್ಟರೆ ಕೈ ಸುಡುತ್ತೆ ಅನ್ನೋದು ನಿಜ, ಎಕ್ಸ್‌ಟೆಂಡೆಡ್ ವಾರಂಟಿ ಜೊತೆಗೇ ತಗೊಂಡುಬಿಡಿ.

ಲೈಟಿನ ವಿಷಯಾನೂ ಯಾರೂ ಹೇಳಲಿಲ್ಲ. ಈಗಿನ ಎಷ್ಟೋ ದುಬಾರಿ ಗಾಡಿಗಳಲ್ಲಿ ಮುಂದೆ ಫಾಗ್ ಲ್ಯಾಂಪೇ ಕೊಡಲ್ಲ, ಹೆಡ್‌ಲೈಟೇ ಸಾಕು ಅಂತಾರೆ. ನಮ್ಮ ಕಡೆ ಜುಲೈ ತಿಂಗಳ ಸಂಜೆ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತೆ ಆಗುತ್ತೆ. ಕೆಳಗಡೆ ಅಗಲಕ್ಕೆ ಬೆಳಕು ಚೆಲ್ಲೋ ಲ್ಯಾಂಪು ಇದೆಯಾ, ಹಿಂದೆ ಕೆಂಪು ಫಾಗ್ ಲೈಟು ಇದೆಯಾ, ಕೇಳಿ. ಆಲೂರು, ಸಕಲೇಶಪುರ, ಬೇಲೂರು ಕಡೆ ರಾತ್ರಿ ಆನೆ ರೋಡಿಗೆ ಬರೋದು ನಿಮಗೆ ಹೇಳಬೇಕಾ.

ಮತ್ತೆ ದಯವಿಟ್ಟು ಬೀಜ್ ಕಲರ್ ಸೀಟು ಬೇಡ. ಕೆಮ್ಮಣ್ಣಿನ ಕಾಲಿನಲ್ಲಿ ಒಂದು ಮಳೆಗಾಲ ಹತ್ತಿ ಇಳಿದರೆ ಮುಗೀತು ಕತೆ.

ಸಕಲೇಶಪುರ ಮಾವ:

90 ಲಕ್ಷ!! ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಗೊಳ್ಳಿ, ಮಧ್ಯದ ಸಾಲಿನಲ್ಲಿ ಕಾಲು ಚಾಚಿ ಮಲಗೋ ಸೀಟು ಬರುತ್ತೆ, ಅಮ್ಮನೂ ಖುಷಿ. ಉಳಿದ ದುಡ್ಡಿನಲ್ಲಿ ತೋಟಕ್ಕೆ ಒಂದು ಥಾರ್. ಗಾಡಿ ಮೇಲಿನ ಬ್ಯಾಡ್ಜಿಗೆ ಯಾಕೆ ಅಷ್ಟೊಂದು ದುಡ್ಡು ಹಾಕ್ತೀರಿ.

ಆಲ್ದೂರು ಕಾಫಿ:

ಮಾವ, ನೀವು ಹೇಳೋದು ಸರಿ, ಆದರೆ ಇನ್ನೋವಾ ಬಿಟ್ಟು ಮತ್ತೆ ಇನ್ನೋವಾ ತಂದರೆ ನನ್ನನ್ನು ಮನೆಯೊಳಗೆ ಸೇರಿಸಲ್ಲ 😀 ಫಾರ್ಚುನರ್ ನೋಡಿದ್ದೆ, ಗಟ್ಟಿ ಗಾಡಿ. ಆದರೆ ಲ್ಯಾಡರ್ ಫ್ರೇಮ್ (ಲಾರಿ ಥರ ಚಾಸಿ ಮೇಲೆ ಬಾಡಿ ಕೂರಿಸಿದ) ಗಾಡಿ ಅಲ್ವಾ, ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ. ಹತ್ತೋದೂ ಎತ್ತರ, ಅಮ್ಮ ಒಂದ್ಸಲ ಹತ್ತಿ ನೋಡಿ ಬೇಡವೇ ಬೇಡ ಅಂದರು.

ಡಿಪಿಎಫ್ ವಿಷಯ ಶೋರೂಮಿನಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಎಲೆಕ್ಟ್ರಿಕ್ ಹೇಗೆ? ತಂಗಿ ಬಿಎಂಡಬ್ಲ್ಯು ಐಎಕ್ಸ್1 ನೋಡು ಅಂತಿದ್ದಾಳೆ.

ಲೆಕ್ಕದ ಪುಸ್ತಕ:

ಟೌನಿಗೆ, ಬೆಂಗಳೂರಿಗೆ ಐಎಕ್ಸ್1 ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಿಮ್ಮ ಕಡೆ ಕರೆಂಟು ಯಾವಾಗ ಬರುತ್ತೆ ಅಂತ ನಿಮಗೇ ಗೊತ್ತು. ಅಮ್ಮನ ಆಸ್ಪತ್ರೆಯ ಓಡಾಟ ಇರೋದರಿಂದ ಮನೆಯ ಒಂದೇ ಗಾಡಿ ಎಲೆಕ್ಟ್ರಿಕ್ ಆಗೋದು ಬೇಡ. ಟ್ಯಾಕ್ಸ್ ಪೂರ್ತಿ ಇಲ್ಲ ಅನ್ನೋ ಕಾಲವೂ ಮುಗಿಯಿತು, 2024ರಿಂದ ಕರ್ನಾಟಕದಲ್ಲಿ 25 ಲಕ್ಷಕ್ಕಿಂತ ಮೇಲಿನ ಎಲೆಕ್ಟ್ರಿಕ್ ಕಾರಿಗೆ ನೂರಕ್ಕೆ 10ರಷ್ಟು ಲೈಫ್ ಟ್ಯಾಕ್ಸ್ ಇದೆ.

ದುಡ್ಡಿನ ವಿಷಯಕ್ಕೆ ಬಂದರೆ, 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸ್ ನೂರಕ್ಕೆ 18, ಅದರ ಮೇಲೆ ಸೆಸ್ಸು. 70 ಲಕ್ಷದ ಗಾಡಿ ಅಂದುಕೊಂಡರೆ ಸೆಸ್ ಬಿಟ್ಟೇ 12 ಲಕ್ಷ 60 ಸಾವಿರ ಆರ್‌ಟಿಓಗೆ. ಇನ್ಶೂರೆನ್ಸ್, ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿ ನಿಮ್ಮ 90 ಮುಟ್ಟುತ್ತಾ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ, ಸೆಸ್ ಎಲ್ಲ ಸೇರಿ ದೊಡ್ಡ ಪೆಟ್ರೋಲ್, ಡೀಸೆಲ್ ಎಸ್‌ಯುವಿಗೆ ನೂರಕ್ಕೆ 50 ಇದ್ದದ್ದು 40ಕ್ಕೆ ಇಳಿದಿದೆ, ಆದ್ದರಿಂದ ಹಳೇ ವಿಡಿಯೋಗಳಲ್ಲಿ ಹೇಳಿರೋ ರೇಟು ನಂಬಬೇಡಿ, ಹೊಸ ಕೊಟೇಶನ್ ತರಿಸಿ. ಇನ್ಶೂರೆನ್ಸಿನಲ್ಲಿ ಜೀರೋ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡೋದು) ಜೊತೆಗೆ ಇಂಜಿನ್ ಪ್ರೊಟೆಕ್ಟ್ ಮತ್ತು ಟೈರ್ ಕವರ್ ಹಾಕಿಸಿ. ಮಾಮೂಲಿ ಪಾಲಿಸಿಯಲ್ಲಿ ನೀರು ನುಗ್ಗಿ ಇಂಜಿನ್ ಹೋದರೆ ಕ್ಲೇಮ್ ಸಿಗೋದು ಕಷ್ಟ.

ಸರ್ವಿಸ್ ದೂರದ ಬಗ್ಗೆ ಒಂದು ಮಾತು. ಮಂಗಳೂರು ಹತ್ತಿರ ಅನ್ನೋದು ಘಾಟಿ ತೆರೆದಿದ್ದರೆ ಮಾತ್ರ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದಾಗ ಏನಾಯಿತು ನೆನಪಿರಬೇಕಲ್ಲ, ಶಿರಾಡಿಯೂ ಮಳೆಗಾಲದಲ್ಲಿ ಆಗಾಗ ಬಂದ್ ಆಗುತ್ತೆ. ಯಾವ ಗಾಡಿ ತಗೊಂಡರೂ ಬೆಂಗಳೂರಿನ ವರ್ಕ್‌ಶಾಪಿನವರು ಚಿಕ್ಕಮಗಳೂರಿಂದ ಗಾಡಿ ಎತ್ತಿಕೊಂಡು ಹೋಗ್ತಾರಾ, ಎಷ್ಟು ಕಿಲೋಮೀಟರ್‌ವರೆಗೆ ಫ್ರೀ, ಬದಲಿಗೆ ಗಾಡಿ ಕೊಡ್ತಾರಾ ಅಂತ ಬುಕ್ಕಿಂಗಿಗೆ ಮುಂಚೆಯೇ ಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ನಡೆಯಲ್ಲ.

ಆಲ್ದೂರು ಕಾಫಿ:

ಎಲ್ಲರಿಗೂ ಥ್ಯಾಂಕ್ಸ್. ಡೀಸೆಲ್ ಕೈ ಬಿಟ್ಟೆ (ಘಾಟಿ ಸವಾರರು ಬೇಜಾರು ಮಾಡ್ಕೋಬೇಡಿ). ಈಗ ಎಕ್ಸ್‌ಸಿ60 ಮತ್ತು ಎನ್‌ಎಕ್ಸ್ ನಡುವೆ. ವಾರಂಟಿ ನೋಡಿದರೆ ಲೆಕ್ಸಸ್, ಅಮ್ಮನ ಮಂಡಿ ನೋಡಿದರೆ ವೋಲ್ವೋ. ಎರಡೂ ಕಡೆ ಬೆಂಗಳೂರಿನಲ್ಲಿ ಮಾತಾಡಿದ್ದೀನಿ. ವೋಲ್ವೋದವರು ಮನೆ ಹತ್ತಿರವೇ ಡೆಮೋ ಗಾಡಿ ತರೋಕೆ ಒಪ್ಪಿದ್ದಾರೆ, ಇನ್ನೊಬ್ಬರು ಕೇಳಿ ಹೇಳ್ತೀವಿ ಅಂದಿದ್ದಾರೆ. ಟೆಸ್ಟ್ ಡ್ರೈವಿನಲ್ಲಿ ನಾನು ಓಡಿಸೋದು ಬೇಡ, ಹಿಂದೆ ಅಮ್ಮನ ಪಕ್ಕ ಕೂತು ಕೊಟ್ಟಿಗೆಹಾರದವರೆಗೆ ಹೋಗಿ ಬರೋಣ ಅಂತಿದ್ದೀನಿ. ಶನಿವಾರ ಆದೀತಾ?

ಮೂಡಿಗೆರೆ ಮಳೆ:

ಶನಿವಾರ ಬೇಡ ಅಣ್ಣ, ಟೂರಿಸ್ಟ್ ಗಾಡಿಗಳ ಹಿಂದೆ ತೆವಳಬೇಕಾಗುತ್ತೆ, ಸಸ್ಪೆನ್ಷನ್ ಹೇಗಿದೆ ಅಂತ ಗೊತ್ತೇ ಆಗಲ್ಲ. ಮಂಗಳವಾರ, ಬುಧವಾರ ಬೆಳಗ್ಗೆ ಬನ್ನಿ. ಅಮ್ಮನಿಗೆ ತಿಂಡಿ ಮಾತ್ರ ಹೋಗುವಾಗ ಬೇಡ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ವಾಪಸ್ ಬರುವಾಗ ನೋಡಿ. ಹೊಟ್ಟೆ ತುಂಬಿದ ಮೇಲೂ ವಾಂತಿ ಬರದ ಗಾಡಿಯನ್ನೇ ಬುಕ್ ಮಾಡಿ.